ಉದ್ದ ದಾರಿಯ ಅಕ್ಕ

ನನ್ನ ಅಕ್ಕನಿಗೂ ನಿಧಾನಕ್ಕೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ಅವಳು ಅಂಬೆಗಾಲು ಇಡಲೇ ಇಲ್ಲ, ತೊಟ್ಟಿಲಿನಿಂದ ಇಳಿದವಳೇ ಓಡಿದಳು ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮನ ಮಾತಿಗೆ ಯಾವಾಗಲೂ ಒಂದಿಷ್ಟು ಒಗ್ಗರಣೆ ಇರುತ್ತಿತ್ತು ನಿಜ, ಆದರೆ ಅಕ್ಕ ನಡೆಯುವುದನ್ನು ನೋಡಿದವರು ಈ ಮಾತನ್ನು ಸಲೀಸಾಗಿ ನಂಬುತ್ತಾರೆ. ನಾನು ಅವಳ ತಂಗಿ. ನನ್ನ ಎಡಗಾಲು ಬಲಗಾಲಿಗಿಂತ ಗಿಡ್ಡ, ಹುಟ್ಟಿದಾಗಿನಿಂದ ಹಾಗೇ. ಮನೆಯ ಪಾಲಿನ ಕಾಲನ್ನೆಲ್ಲ ಅವಳು ತೆಗೆದುಕೊಂಡಳು, ಬಾಯನ್ನೆಲ್ಲ ನನಗೆ ಬಿಟ್ಟಳು. ನನಗೇನೂ ನಷ್ಟವಾಗಿಲ್ಲ.

ನಾವಿಬ್ಬರೂ ಕೆಲಸ ಮಾಡುವುದು ಒಂದು ವಸತಿಗೃಹದಲ್ಲಿ. ಇಲ್ಲಿಗೆ ಬರುವವರು ನಡೆಯುವುದಕ್ಕೆಂದೇ ಬರುತ್ತಾರೆ. ಹಿಂಬಾಗಿಲಿನಿಂದ ಹತ್ತಿದರೆ ಗುಡ್ಡದ ಮೇಲೆ ಒಂದೂ ಮರವಿಲ್ಲದ, ಬರೀ ಕುರುಚಲು ಗಿಡಗಳ ಬಯಲು. ಮುಂಬಾಗಿಲಿನಿಂದ ಇಳಿದರೆ ಕಡಲು. ಪಟ್ಟಣದ ಜನ ವರ್ಷವಿಡೀ ಕುರ್ಚಿಯಲ್ಲಿ ಕೂತು, ರಜೆ ಸಿಕ್ಕ ಕೂಡಲೇ ಇಲ್ಲಿಗೆ ಓಡಿಬಂದು, ಒಂದು ವಾರ ಅಂಗಾಲಿಗೆಲ್ಲ ಬೊಬ್ಬೆ ಬರಿಸಿಕೊಂಡು, ನಗುನಗುತ್ತಾ ವಾಪಸು ಹೋಗುತ್ತಾರೆ. ಕಾಲು ಸರಿಯಿರುವವರ ಬುದ್ಧಿ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ನಡೆಯಲು ಮೂರು ದಾರಿಗಳಿವೆ. ಉದ್ದ ದಾರಿ ಬಯಲನ್ನು ಪೂರ್ತಿ ದಾಟಿ, ಬಂಡೆಗಳ ಮೇಲಿನಿಂದ ಕಡಲಿಗೆ ಇಳಿದು ಸಂಜೆ ಹೊತ್ತಿಗೆ ಮನೆ ಸೇರುತ್ತದೆ. ನಡು ದಾರಿ ಅದರ ಅರ್ಧಕ್ಕೇ ತಿರುಗುತ್ತದೆ. ಸಣ್ಣ ದಾರಿ ಕಡಲಂಚಿನ ಸಮತಟ್ಟಾದ ಹಾದಿ, ಅಲ್ಲಲ್ಲಿ ಬೆಂಚು, ಕೊನೆಯಲ್ಲೊಂದು ಭೂಶಿರ. ಅಕ್ಕ ಉದ್ದ ದಾರಿಯ ಮಾರ್ಗದರ್ಶಿ. ಬಂದವರು ಅವಳಿಗೆ ಗಾಳಿಯಮ್ಮ ಎಂದು ಹೆಸರಿಟ್ಟಿದ್ದಾರೆ. ನಾನು ಅಡುಗೆಮನೆಯವಳು. ಬೆಳಗ್ಗೆ ಮೂರೂ ದಾರಿಯವರಿಗೆ ಬುತ್ತಿ ಕಟ್ಟುತ್ತೇನೆ: ಬ್ರೆಡ್ಡು, ಬೇಯಿಸಿದ ಮೊಟ್ಟೆ, ಒಂದು ಹಣ್ಣು. ಉದ್ದ ದಾರಿಯವರಿಗೆ ಇನ್ನೊಂದು ಮೊಟ್ಟೆ.

ರಾತ್ರಿ ಊಟದ ಹೊತ್ತಿಗೆ ನಮ್ಮಲ್ಲೊಂದು ಪದ್ಧತಿ. ಮಾರ್ಗದರ್ಶಿಗಳು ಒಬ್ಬೊಬ್ಬರಾಗಿ ಎದ್ದು ನಿಂತು ಮಾರನೇ ದಿನದ ದಾರಿ ಹೇಗಿದೆ ಎಂದು ವರ್ಣಿಸುತ್ತಾರೆ, ತಿನ್ನುತ್ತಾ ಕೂತವರು ತಮಗೆ ಬೇಕಾದ್ದಕ್ಕೆ ಕೈ ಎತ್ತುತ್ತಾರೆ. ಯಾರೂ ತಮ್ಮ ಕಾಲನ್ನು ಕೇಳಿ ಕೈ ಎತ್ತುವುದಿಲ್ಲ. ಪಕ್ಕದ ಮೇಜಿನವನು ಎತ್ತಿದ ಎಂದು ಇವನು ಎತ್ತುತ್ತಾನೆ, ಗಂಡ ಎತ್ತಿದ ಎಂದು ಹೆಂಡತಿ ಎರಡೂ ಕೈ ಎತ್ತುತ್ತಾಳೆ. ಇಂಥವರನ್ನು ನೋವಾಗದ ಹಾಗೆ ಕೆಳಗಿಳಿಸುವುದರಲ್ಲಿ ಅಕ್ಕನದು ಎತ್ತಿದ ಕೈ. ಯಾರು ಕುರ್ಚಿಯಿಂದ ಹೇಗೆ ಏಳುತ್ತಾರೆ, ಯಾರು ಮೆಟ್ಟಿಲ ಮೇಲೆ ನಿಂತು ಗೋಡೆಯ ಪಟ ನೋಡುವ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲ ಗಮನಿಸಿಟ್ಟುಕೊಂಡಿರುತ್ತಾಳೆ. ಒಮ್ಮೆ ಒಬ್ಬ ನಿವೃತ್ತ ಜಡ್ಜು ಮೇಜಿಗೆ ಎರಡೂ ಕೈ ಊರಿ ಎದ್ದು ಉದ್ದ ದಾರಿಗೆ ನಿಂತರು.

"ಸಾರ್, ತಪ್ಪು ತಿಳ್ಕೋಬೇಡಿ," ಎಂದಳು ಅಕ್ಕ ಬೆಣ್ಣೆಯಂಥ ದನಿಯಲ್ಲಿ. "ನಾಳೆ ಸಣ್ಣ ದಾರೀಲಿ ಹಕ್ಕಿ ಗೂಡಿಂದ ಮರಿ ಹೊರಗೆ ಬರೋ ಹಾಗಿದೆ. ತಾಳ್ಮೆಯಿಂದ ಕೂತು ನೋಡೋರು ಒಬ್ಬರಾದ್ರೂ ಬೇಕಲ್ಲ. ಇವರಲ್ಲಿ ಯಾರಿಗಿದೆ ಹೇಳಿ ಆ ತಾಳ್ಮೆ?"

ಜಡ್ಜು ಸಭೆಯನ್ನೊಮ್ಮೆ ಕನಿಕರದಿಂದ ನೋಡಿ ಸಣ್ಣ ದಾರಿಗೆ ಒಪ್ಪಿದರು. ಗೂಡೂ ಇರಲಿಲ್ಲ, ಮರಿಯೂ ಇರಲಿಲ್ಲ. ಆದರೆ ಸಂಜೆ ಅವರು ಎರಡು ಮರಿ ನೋಡಿ ಬಂದಿದ್ದರು.

ಊರಿಗೆಲ್ಲ ದಾರಿ ಹಂಚುವ ಈ ಮಹಾತಾಯಿಗೇ ಮಂಡಿ ಕೈಕೊಟ್ಟಿತು. ಒಂದು ಬೆಳಗ್ಗೆ ಅವಳು ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುವುದನ್ನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ.

"ಏನೇ ಅದು?"

"ಶೂ ಹೊಸದು, ಕಚ್ತಿದೆ."

ಆ ಶೂಗೆ ಎರಡು ಸಲ ಅಟ್ಟೆ ಬದಲಾಯಿಸಿಕೊಟ್ಟ ಮೋಚಿ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಅವಳಾದರೂ ಜಪ್ಪಯ್ಯ ಎಂದರೂ ಒಪ್ಪುವ ಪೈಕಿಯಲ್ಲ.

ಆಮೇಲೆ ಬಯಲಿನಲ್ಲಿ ಒಂದು ಪ್ರಸಂಗ ನಡೆಯಿತು, ಅಕ್ಕ ನನ್ನ ಹತ್ತಿರ ಬಾಯಿಬಿಟ್ಟದ್ದು ಎಷ್ಟೋ ದಿನದ ಮೇಲೆ. ಅಕ್ಕ ಶೂ ದಾರ ಕಟ್ಟಿಕೊಳ್ಳಲು ಮಂಡಿಯೂರಿದ್ದಾಳೆ, ಏಳಲು ಹೋದರೆ ಮಂಡಿ ಕೇಳುತ್ತಿಲ್ಲ. ಸುತ್ತ ನಿಂತವರೆಲ್ಲ ಅವಳನ್ನೇ ನೋಡುತ್ತಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಕೈ ಕೊಡಿ ಎನ್ನುತ್ತಿದ್ದರು. ನಮ್ಮಕ್ಕ ತುಟಿಯ ಮೇಲೆ ಬೆರಳಿಟ್ಟು, "ಶ್! ಎಲ್ಲರೂ ಮಂಡಿಯೂರಿ. ನೆಲಕ್ಕೆ ಕಿವಿ ಕೊಡಿ. ಬಯಲು ಉಸಿರಾಡೋದು ಕೇಳಿಸುತ್ತೆ," ಎಂದುಬಿಟ್ಟಳು! ಓದಿ ಬರೆದು ದೊಡ್ಡ ಹುದ್ದೆಗಳಲ್ಲಿರುವ ಜನ ಒದ್ದೆ ಪಾಚಿಗೆ ಕೆನ್ನೆ ಒತ್ತಿ ಮಲಗಿದರು. ಅಷ್ಟರಲ್ಲಿ ಇವಳು ಒಂದು ಕಲ್ಲು ಹಿಡಿದು ಹೇಗೋ ಎದ್ದು, ಏನೂ ಆಗದವಳ ಹಾಗೆ ನಿಂತಳು.

ಅದೇ ಅವಳಿಗೆ ಮುಳುವಾಯಿತು. ಆ ವಾರ ಬಂದಿದ್ದವರೆಲ್ಲ ನೆಲದ ಉಸಿರು ಕೇಳಿಸಿತೆಂದು ಊರಿಗೆಲ್ಲ ಸಾರಿದರು. ಮುಂದಿನ ವಾರದವರು ಬ್ಯಾಗು ಕೆಳಗಿಡುವ ಮೊದಲೇ, "ಆ ಮಂಡಿಯೂರೋ ಜಾಗ ಎಲ್ಲಿದೆ?" ಎಂದು ಕೇಳತೊಡಗಿದರು. ಒಮ್ಮೆ ಏಳಲಾಗದ್ದನ್ನು ಮುಚ್ಚಿಕೊಳ್ಳಲು ಹೇಳಿದ ಸುಳ್ಳಿಗಾಗಿ ಅಕ್ಕ ಈಗ ದಿನಾ ಮಂಡಿಯೂರಬೇಕಾಯಿತು. ದಿನಾ ಸಂಜೆ ಫ್ರೀಜರಿನ ಹಸಿ ಬಟಾಣಿ ಚೀಲವೊಂದು ಮಾಯವಾಗಿ ನಮ್ಮ ಕೋಣೆಯ ಮಂಚದ ಕೆಳಗೆ ಸಿಗುತ್ತಿತ್ತು. ತಣ್ಣನೆಯ ಚೀಲವನ್ನು ಮಂಡಿಗೆ ಕಟ್ಟಿಕೊಂಡು ಮಲಗಿ, ನಾನು ಬಂದ ಸದ್ದಾದರೆ ಕೆಳಗೆ ತಳ್ಳುತ್ತಿದ್ದಳು. ಆ ಬಟಾಣಿಯನ್ನು ಮಾರನೇ ದಿನ ನಾನು ಯಾರಿಗೂ ಬೇಯಿಸಿ ಹಾಕಿಲ್ಲ, ಅಷ್ಟು ನಿಯತ್ತು ನನಗಿದೆ.

ಇದೇ ಸಮಯಕ್ಕೆ ಸಣ್ಣ ದಾರಿಯ ಮಾರ್ಗದರ್ಶಿ ಹುಡುಗಿ ಹೆರಿಗೆಗೆಂದು ತವರಿಗೆ ಹೋದಳು. ಯಜಮಾನರು ಅಕ್ಕನ ಹತ್ತಿರ ಬಂದು ತಲೆ ಕೆರೆದುಕೊಂಡರು.

"ನೀವು ಸಣ್ಣ ದಾರಿ ನೋಡ್ಕೊಂಡ್ರೆ, ಉದ್ದ ದಾರಿಗೆ ಯಾರನ್ನಾದ್ರೂ ಹುಡುಕ್ತೀನಿ."

"ಬೆಂಚಿಂದ ಬೆಂಚಿಗೆ ಜನ ಸಾಗಿಸೋಕಾ ನಾನಿರೋದು?" ಅಕ್ಕನ ಮೂಗು ಕೆಂಪಾಯಿತು. "ಉದ್ದ ದಾರಿ ಆಗದ ದಿನ ಶೂ ಬಿಚ್ಚಿಟ್ಟು ಮಗಳ ಮನೆಗೆ ಹೋಗ್ತೀನಿ. ಹೇಳಿಬಿಟ್ಟೆ."

ಯಜಮಾನರು ಕಾಲಿಗೆ ಬುದ್ಧಿ ಹೇಳಿದರು. ನಾನು ಮಾತ್ರ ಸೌಟು ಹಿಡಿದುಕೊಂಡು ನಿಂತೇ ಇದ್ದೆ. ಅಕ್ಕ ಬಾಯಿಮಾತಿಗೆ ಹೇಳುವವಳಲ್ಲ. ಬಾವ ತೀರಿಕೊಂಡ ಮೇಲೆ ಅಡುಗೆಮನೆಯ ಹಿಂದಿನ ನನ್ನ ಕೋಣೆಗೆ ಇನ್ನೊಂದು ಮಂಚ ತಂದು ಹಾಕಿಕೊಂಡವಳು ಅವಳು. ಅಂದಿನಿಂದ ನಮ್ಮ ಜಗಳ ನಿಂತಿಲ್ಲ: ಕಿಟಕಿ ತೆಗೆಯಬೇಕೋ ಮುಚ್ಚಬೇಕೋ, ರೇಡಿಯೋ ಯಾರ ತಲೆದೆಸೆಯಲ್ಲಿ. ಅವಳು ಹೊರಟುಹೋದರೆ ಕಿಟಕಿಯೂ ನನ್ನದೇ, ರೇಡಿಯೋನೂ ನನ್ನದೇ. ಅದು ನನಗೆ ಬೇಕಿರಲಿಲ್ಲ.

ಅವಳ ವಿದ್ಯೆಯನ್ನು ಅವಳ ಮೇಲೇ ಪ್ರಯೋಗಿಸಿ ನೋಡೋಣ ಎಂದುಕೊಂಡೆ. ಚಹಾ ಕೊಡುತ್ತಾ ಬೆಣ್ಣೆಯಂಥ ದನಿ ತೆಗೆದೆ.

"ಅಕ್ಕಾ, ಸಣ್ಣ ದಾರೀಲಿ ಈಗ ಅದೇನೋ ಅಪರೂಪದ ಹೂವು ಬಿಟ್ಟಿದೆಯಂತೆ. ಸೂಕ್ಷ್ಮ ಕಣ್ಣಿನೋರು ಒಬ್ಬರು ನೋಡಿದ್ರೆ…"

ಅಕ್ಕ ಲೋಟದ ಮೇಲಿಂದ ನನ್ನನ್ನು ನೋಡಿದಳು. "ಹಕ್ಕಿ ಮರಿ ಎಷ್ಟಿವೆ?" ಎಂದಳು.

ನಾನು ತೆಪ್ಪಗೆ ಪಾತ್ರೆ ತೊಳೆಯಲು ಹೋದೆ.

ನಾಲ್ಕು ದಿನ ಕಳೆದಿರಬೇಕು. ಬಯಲಿನ ಮಾಮೂಲಿ ಜಾಗದಲ್ಲಿ ಎಲ್ಲರೂ ಮಂಡಿಯೂರಿದರು, ಉಸಿರು ಕೇಳಿದರು, ಎದ್ದರು. ಅಕ್ಕ ಏಳಲಿಲ್ಲ. "ಇನ್ನೂ ಸ್ವಲ್ಪ ಕೇಳಿ," ಎಂದಳು. ಎಲ್ಲರೂ ಮತ್ತೆ ಕೂತರು. ಹನಿ ಬೀಳಲು ಶುರುವಾಯಿತು. "ಮಳೇಲಿ ಇನ್ನೂ ಚೆನ್ನಾಗಿ ಕೇಳಿಸುತ್ತೆ," ಎಂದಳು. ಕೊನೆಗೆ ಒಬ್ಬರು ಹಲ್ಲಿನ ಡಾಕ್ಟರು, ನೆಲಕ್ಕೆ ಕಿವಿಯಿಟ್ಟುಕೊಂಡೇ ಅವಳ ಕಡೆ ತಿರುಗಿ, "ಅಮ್ಮಾ, ನಿಮಗೆ ಏಳೋಕೆ ಆಗ್ತಿಲ್ಲ ಅಲ್ವಾ?" ಎಂದರು. ಹಲ್ಲು ಕಿತ್ತು ಅಭ್ಯಾಸವಾದ ಕೈ, ಇನ್ನೊಬ್ಬರ ಜೊತೆ ಸೇರಿ ಅವಳನ್ನು ಮೆಲ್ಲಗೆ ಎತ್ತಿತು. ಗುಡ್ಡದ ಮೇಲಿನ ಕುರಿಯವನ ಟ್ರ್ಯಾಕ್ಟರಿನಲ್ಲಿ, ಕುರಿಗಳ ಜೊತೆ ಗಾಳಿಯಮ್ಮ ಮನೆಗೆ ಬಂದಳು.

ಕೋಣೆಯಲ್ಲಿ ಮಂಚದ ಮೇಲೆ ಕೂರಿಸಿ, ಬಟಾಣಿ ಚೀಲವನ್ನು ಈ ಸಲ ನಾನೇ ತಂದು ಮಂಡಿಗೆ ಕಟ್ಟಿದೆ. ಅವಳು ಗೋಡೆ ನೋಡುತ್ತಾ ಕೂತಿದ್ದಳು.

"ಮಗಳಿಗೆ ಫೋನ್ ಮಾಡು. ಬಂದು ಕರ್ಕೊಂಡು ಹೋಗ್ಲಿ," ಎಂದಳು.

"ಮಾಡ್ತೀನಿ. ಅಲ್ಲಿ ಲಿಫ್ಟ್ ಇದೆ. ದಿನಾ ಅದರಲ್ಲೇ ಮೇಲೆ ಕೆಳಗೆ ವಾಕಿಂಗ್ ಮಾಡ್ಕೊಂಡಿರು. ನಿನಗೆ ಸಣ್ಣ ದಾರಿಗಿಂತ ಅದೇ ವಾಸಿ."

"ತಮಾಷೆ ಮಾಡ್ಬೇಡ. ಮುದುಕರನ್ನ ಕರ್ಕೊಂಡು ಬೆಂಚಿಂದ ಬೆಂಚಿಗೆ ಹೋಗೋ ದಾರಿ ಅದು. ನನ್ನಿಂದ ಆಗಲ್ಲ."

ನನಗೆ ರೇಗಿತು. ಎಷ್ಟೋ ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಬಾಯಿಗೆ ಬಂತು. "ಮುದುಕರ ದಾರಿ ಅಂತೀಯಲ್ಲ, ನನ್ನ ಕಾಲಿಗೆ ಆಗೋ ದಾರೀನೂ ಅದೊಂದೇ ಕಣೇ! ನಿನ್ನ ಹಿಂದೆ ನಡೆಯೋಕೆ ಊರೋರಿಗೆಲ್ಲ ಬುತ್ತಿ ಕಟ್ಟಿದೆ. ನಾನು ಒಂದಿನಾನೂ ನಿನ್ನ ಹಿಂದೆ ನಡೆದಿಲ್ಲ. ಹೆರಿಗೆಗೆ ಹೋದ್ಲಲ್ಲ, ಆ ಹುಡುಗಿ ಎಷ್ಟು ಸಲ ಕರೆದ್ಲು, ಬನ್ನಿ ಅಂತ. ನಾನು ಹೋಗ್ಲಿಲ್ಲ. ಕರೆದ್ರೆ ನೀನು ಕರೀಬೇಕು ಅಂತ ಕೂತಿದ್ದೆ."

ಬಟಾಣಿ ಚೀಲದ ಮಂಜು ಕರಗಿ ನೀರು ಹಾಸಿಗೆಗೆ ಇಳಿಯಿತು. ನಾನು ಮೂಗೊರೆಸಿಕೊಂಡು ಊಟಕ್ಕೆ ಬಡಿಸಲು ಹೋದೆ. ಫೋನ್ ಮಾಡಲಿಲ್ಲ.

ದಾರಿ ವರ್ಣಿಸುವ ಹೊತ್ತಿಗೆ ನಡು ದಾರಿಯವನು ಹೇಳಿ ಮುಗಿಸಿದ್ದ. ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಎಲ್ಲರ ಚಮಚಗಳೂ ನಿಂತವು. ಅವಳು ಗಂಟಲು ಸರಿಮಾಡಿಕೊಂಡಳು.

"ನಾಳೆ ಸಣ್ಣ ದಾರಿಗೆ ನಾನು ಹೋಗ್ತಿದ್ದೀನಿ. ಹಕ್ಕಿ ಗೂಡು ಇಲ್ಲ. ಅಪರೂಪದ ಹೂವೂ ಇಲ್ಲ. ದಾರಿ ಸಪಾಟಾಗಿದೆ, ಬೆಂಚಿದೆ, ಕಡಲಿದೆ. ಮಂಡಿ ನೋವಿರೋರು ನನ್ನ ಜೊತೆ ಬನ್ನಿ, ಯಾಕಂದ್ರೆ ನನಗೂ ಇದೆ." ಆಮೇಲೆ ಬಡಿಸುತ್ತಿದ್ದ ನನ್ನ ಕಡೆ ತಿರುಗಿ, "ನೀನೂ ಬಾರೇ. ಪಾತ್ರೆ ಯಜಮಾನರು ತೊಳೀತಾರೆ," ಎಂದಳು. ಯಜಮಾನರಿಗೆ ಅದು ಆಗಲೇ ತಿಳಿದದ್ದು.

ಬೆಳಗ್ಗೆ ಹೊರಟೆವು. ಊರುಗೋಲಿನ ಒಬ್ಬ ದರ್ಜಿ, ಎದೆ ಆಪರೇಶನ್ ಆದ ಒಬ್ಬ ಬಸ್ ಡ್ರೈವರು, ಕಣ್ಣು ಕಾಣದ ಸಂಗೀತದ ಮೇಷ್ಟರು, ಅವರ ತೋಳು ಹಿಡಿದ ಹೆಂಡತಿ, ಇನ್ನೂ ಕೆಲವರು. ಅಕ್ಕ ಅಭ್ಯಾಸಬಲದಿಂದ ಕುಂಟುತ್ತಲೇ ಸರಸರ ಮುಂದೆ ಹೋಗಿ, ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ನಾವಿನ್ನೂ ಗೇಟಿನ ಹತ್ತಿರವೇ ಇದ್ದೆವು. ಸಿಡಿಮಿಡಿಗುಟ್ಟುತ್ತಾ ವಾಪಸು ಬಂದಳು. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ನಾನು ಅವಳ ತೋಳಿಗೆ ತೋಳು ಸಿಕ್ಕಿಸಿ ಹಿಡಿದುಕೊಂಡೆ. ಅವಳಿಗೆ ಬಲಗಾಲು ನೋವು, ನನಗೆ ಎಡಗಾಲು ಗಿಡ್ಡ. ಇಬ್ಬರೂ ಒಬ್ಬರ ಮೇಲೊಬ್ಬರು ವಾಲಿಕೊಂಡು ಹೋದರೆ ನಡಿಗೆ ಸರಿಹೋಗುತ್ತಿತ್ತು.

"ಎಡಗಡೆ ಏನಿದೆ ಅಮ್ಮಾ?" ಎಂದು ಮೇಷ್ಟರು ಕೇಳಿದರು.

ಅಕ್ಕ ತಬ್ಬಿಬ್ಬಾದಳು. ಉದ್ದ ದಾರಿಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಇನ್ನೆಷ್ಟು ದೂರ ಎಂದಷ್ಟೇ ಕೇಳುತ್ತಾರೆ. ಅವಳು ನಿಂತು ಎಡಗಡೆ ನೋಡಿದಳು. ನೋಡಿ ನೋಡಿ ಹೇಳತೊಡಗಿದಳು: ಕಪ್ಪು ಬಂಡೆ, ಅದರ ಮೇಲೆ ರೆಕ್ಕೆ ಒಣಗಿಸುತ್ತಿರುವ ಹಕ್ಕಿ, ಕೆಳಗೆ ನೊರೆ. ಮೇಷ್ಟರು ಬಲಗಡೆಯದನ್ನೂ ಕೇಳಿದರು. ಹೀಗೆ ಹೇಳಿಸಿಕೊಂಡು ಭೂಶಿರ ಮುಟ್ಟುವಾಗ ಮಧ್ಯಾಹ್ನ.

ನಾನು ಬೆಂಚಿನಲ್ಲಿ ಕೂತು ಕಡಲು ನೋಡಿದೆ. ಇಷ್ಟು ಹತ್ತಿರದಿಂದ ನಾನು ಅದನ್ನು ನೋಡಿರಲೇ ಇಲ್ಲ. ಎಲ್ಲರೂ ಬುತ್ತಿ ಬಿಚ್ಚಿದರು. ಅಕ್ಕ ಮಾತ್ರ ನಿಂತು ಬೆರಳು ಮಾಡಿ ತಲೆ ಎಣಿಸುತ್ತಿದ್ದಳು; ಮಾರ್ಗದರ್ಶಿಗಳು ತಲೆ ಎಣಿಸದೆ ಊಟಕ್ಕೆ ಕೂರುವುದಿಲ್ಲ. ಎಣಿಸಿ ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ಎಣಿಸಿದಳು.

"ಏನಾಯ್ತೇ?" ಎಂದೆ.

"ಒಬ್ಬರು ಜಾಸ್ತಿ ಬರ್ತಿದ್ದಾರೆ. ನಡು ದಾರಿಯೋರು ಯಾರೋ ತಪ್ಪಿ ಇಲ್ಲಿ ಸೇರ್ಕೊಂಡಿದ್ದಾರೆ. ಅಲ್ಲಿ ಹುಡುಕ್ತಿರ್ತಾರೆ, ಪಾಪ." ಅವಳು ಡ್ರೈವರನ್ನು ದುರುಗುಟ್ಟಿ ನೋಡಿದಳು.

"ನಾನು ಸಣ್ಣ ದಾರಿಯೋನೇ ಅಮ್ಮಾ, ಬೇಕಾದ್ರೆ ಎದೆ ತೋರಿಸ್ಲಾ?" ಎಂದು ಅವನು ಅಂಗಿಯ ಗುಂಡಿಗೆ ಕೈಹಾಕಿದ.

ದರ್ಜಿಯನ್ನು ಕೇಳಿದಳು, ಮೇಷ್ಟರ ಹೆಂಡತಿಯನ್ನು ಕೇಳಿದಳು. ಎಲ್ಲರೂ ಇಲ್ಲಿಯವರೇ.

"ಅಕ್ಕಾ," ಎಂದೆ. "ಆ ಜಾಸ್ತಿಯವಳು ನಾನು ಕಣೇ."

ಅವಳ ಬೆರಳು ಎತ್ತಿದಲ್ಲೇ ನಿಂತಿತು. ಎಷ್ಟು ವರ್ಷ, ಎಷ್ಟು ಜನರ ತಲೆ ಎಣಿಸಿದ್ದಾಳೋ ಏನೋ, ಅದರಲ್ಲಿ ಒಮ್ಮೆಯೂ ನಾನಿರಲಿಲ್ಲ. ಅವಳಿಗೆ ಮೊದಲು ನಗು ಬಂತು. ಆಮೇಲೆ ತುಟಿ ಅದುರಿತು. ನನ್ನ ಕಣ್ಣಂತೂ ಆಗಲೇ ತುಂಬಿತ್ತು, ಕಡಲ ಗಾಳಿ ಎಂದು ಸುಳ್ಳು ಹೇಳುವುದಿಲ್ಲ.

"ಆಯ್ತು ಬಿಡು," ಎಂದಳು ಸೆರಗಿನಿಂದ ಮುಖ ಒರೆಸಿಕೊಂಡು. "ನಾಳೆಯಿಂದ ನಿನ್ನನ್ನೂ ಸೇರಿಸ್ಕೊಂಡೇ ಎಣಿಸ್ತೀನಿ."

ನಾಳೆಯಿಂದ ಎಂದಳು. ಮಗಳ ಮನೆಯ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬೆಂಚಿನಲ್ಲಿ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ.