ಬೋಟು ಮರಳದ ಕಥೆ

ಮಕ್ಕಳಿಗೆ ಕಥೆ ಬರೆಯಲು ಕಲಿಸುವಾಗ ನನ್ನದೊಂದು ಹಟವಿತ್ತು: ಕಷ್ಟವಿಲ್ಲದೆ ಕಥೆಯಿಲ್ಲ. ನಾವುಂದದ ಹತ್ತಿರದ ನಮ್ಮ ಶಾಲೆಯ ಏಳನೇ ತರಗತಿಯವರು ಅಜ್ಜಿಮನೆಗೆ ಹೋದೆ, ಕಡುಬು ತಿಂದೆ, ಬಂದೆ ಎಂದು ಬರೆದುಕೊಟ್ಟರೆ ನನಗೆ ರೇಗುತ್ತಿತ್ತು. ಕಷ್ಟ ಎಲ್ಲಿ ಎಂದು ಕೆಂಪು ಶಾಯಿಯಲ್ಲಿ ಬರೆದು ಪುಸ್ತಕ ವಾಪಸ್ ಕೊಡುತ್ತಿದ್ದೆ.

ಅವರಲ್ಲಿ ಒಬ್ಬ ಹುಡುಗಿಯ ಅಪ್ಪ ಮೀನಿನ ಬೋಟಿಗೆ ಹೋಗುವವರು. ಅವಳ ಕಥೆಯಲ್ಲೂ ಒಬ್ಬ ಅಪ್ಪ ಕಡಲಿಗೆ ಹೋಗುತ್ತಾನೆ, ಮಗಳು ದಡದಲ್ಲಿ ಕಾಯುತ್ತಾಳೆ, ಬೋಟು ಬರುತ್ತದೆ. ಬರದೇ ಇದ್ದರೆ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ, ಬೋಟು ಮರಳಲಿಲ್ಲ ಎಂದೇ ಬರೆದಳು. ಆಗ ಮಳೆಗಾಲ, ಬೋಟು ಕಡಲಿಗೆ ಇಳಿಸುವಂತಿಲ್ಲ. ಅವಳ ಅಪ್ಪ ಮನೆಯ ಜಗಲಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ಬೈಂದೂರಿನ ಸ್ಪರ್ಧೆಯಲ್ಲಿ ಆ ಕಥೆಗೆ ಮೊದಲ ಬಹುಮಾನ ಬಂತು. ಅವಳಿಗಿಂತ ಹೆಚ್ಚು ಹಿಗ್ಗಿದವಳು ನಾನೇ.

ಮುಂದಿನ ಸುತ್ತು ಮಳೆ ಕಳೆದ ಮೇಲೆ, ಬ್ರಹ್ಮಾವರದಲ್ಲಿ. ಅಲ್ಲಿ ಅದೇ ಕಥೆಯನ್ನು ಕೂತು ಮತ್ತೆ ಬರೆಯಬೇಕು. ಅದಕ್ಕೆ ವಾರವಿದೆ ಎನ್ನುವಾಗ ಹುಡುಗಿಯ ಅಮ್ಮ ಮೀನಿನ ಬುಟ್ಟಿಯನ್ನು ಶಾಲೆಯ ಗೇಟಿನ ಹೊರಗಿಟ್ಟು ಒಳಗೆ ಬಂದರು. ಜಗಳಕ್ಕೆ ಬಂದವರಲ್ಲ.

"ಮಳಿಗಾಲ್ದಂಗೆ ಬರ್ದದ್ ಆಯ್ತ್. ಈಗ ಅವ್ರ್ ಕಡ್ಲಂಗಿತ್ರ್, ಟೀಚರೇ" ಎಂದರು.

ಅವರ ಗಂಡ ಆಗಲೇ ಕಡಲಿಗೆ ಇಳಿದಿದ್ದರು. ಗಂಡಸರು ನೀರಿನ ಮೇಲಿರುವಾಗ ಬೋಟು ಬರಲಿಲ್ಲ ಎಂಬಂಥ ಮಾತನ್ನು ಅವರ ಮನೆಯಲ್ಲಿ ಬಾಯಿತಪ್ಪಿಯೂ ಆಡುವುದಿಲ್ಲವಂತೆ. ನಾನು ಹೆಮ್ಮಾಡಿಯ ಕಡೆ ಸೇವಂತಿಗೆ ಬೆಳೆಯುವ ಮನೆಯಲ್ಲಿ ಹುಟ್ಟಿದವಳು. ಇಷ್ಟು ವರ್ಷ ಇವರ ಮಕ್ಕಳಿಗೆ ಪಾಠ ಹೇಳಿಯೂ ನನಗಿದು ಗೊತ್ತಿರಲಿಲ್ಲ. ಕೊನೆಯನ್ನು ಬದಲಾಯಿಸುತ್ತೇನೆಂದು ಮಾತು ಕೊಟ್ಟೆ.

ಹೆಡ್‌ಮಾಸ್ಟರು ಒಪ್ಪಲಿಲ್ಲ. ಗೆದ್ದದ್ದೇ ಆ ಕೊನೆಯಿಂದ, ವಾಟ್ಸಾಪ್ ಗುಂಪಿಗೆಲ್ಲ ಫೋಟೊ ಹೋಗಿಯಾಗಿದೆ, ಮೂಢನಂಬಿಕೆಗೆ ಟೀಚರೇ ಮಣಿದರೆ ಹೇಗೆ ಎಂದರು. ಅತ್ತ ದರಿ, ಇತ್ತ ಹುಲಿ. ನಾನು ಹಿಡಿದದ್ದು ನನಗೆ ಸುಲಭವಾದ ದಾರಿ. ಹುಡುಗಿಯನ್ನು ಕರೆದು, ಇದು ಬರೀ ಕಥೆಯಲ್ಲವಾ, ಬರೆದರೆ ಏನೂ ಆಗುವುದಿಲ್ಲ ಎಂದೆ. ಅವಳ ಅಮ್ಮನಿಗೆ ಏನೂ ತಿಳಿಸಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬಸ್ಸಿನಲ್ಲಿ ಅವಳನ್ನು ಬ್ರಹ್ಮಾವರಕ್ಕೆ ಕರೆದುಕೊಂಡು ಹೋದೆ. ಸ್ಪರ್ಧೆಯ ಕೋಣೆಯೊಳಗೆ ಟೀಚರುಗಳನ್ನು ಬಿಡುವುದಿಲ್ಲ, ಹಾಗಾಗಿ ಕಿಟಕಿಯ ಸರಳು ಹಿಡಿದು ಹೊರಗೆ ನಿಂತೆ. ಒಂದೂವರೆ ಪುಟ ಚಕಚಕನೆ ಬರೆದಳು. ದಡದಲ್ಲಿ ಕಾಯುವ ಭಾಗಕ್ಕೆ ಬಂದಿರಬೇಕು, ಪೆನ್ನು ಇಟ್ಟು ಕೈಕಟ್ಟಿ ಕೂತಳು. ಬರಿ, ಬರಿ ಎಂದು ಸನ್ನೆ ಮಾಡಿದೆ. ಎಲ್ಲ ಗೊತ್ತಿದ್ದೂ ಮಾಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣು ತಪ್ಪಿಸಲು ನನ್ನಿಂದಾಗಲಿಲ್ಲ, ಅಲ್ಲಿಂದ ಸರಿದು ಹೋಗಲೂ ಆಗಲಿಲ್ಲ. ಗಂಟೆ ಹೊಡೆಯುವವರೆಗೆ ಇಬ್ಬರೂ ಹಾಗೇ ಇದ್ದೆವು.

ಹೊರಗೆ ಬಂದವಳನ್ನು, ಕೊನೆಯ ನಾಲ್ಕು ಸಾಲು ಯಾಕೆ ಬಿಟ್ಟೆ, ಹೆಡ್‌ಮಾಸ್ಟರಿಗೆ ನಾನೀಗ ಏನು ಹೇಳಲಿ ಎಂದು ಕೇಳಿದೆ. ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ಕಥಿ ನಿಮ್ದ್, ಟೀಚರೇ. ಅಪ್ಪಯ್ಯ ನಂದ್."