‘ಹೋಗ್ತೇನಿ’ ಎನ್ನದ ಹುಡುಗಿ

ಪರದೆಗೆಂದು ಕಟ್ಟಿದ್ದ ನೀಲಿ ಚಾದರದಲ್ಲಿ, ನನ್ನ ಕಣ್ಣಿಗಿಂತ ನಾಲ್ಕು ಬೆರಳು ಕೆಳಗೆ, ಒಂದು ತೂತಿತ್ತು. ಅದರಲ್ಲಿ ನೋಡಬೇಕಾದರೆ ಮೊಣಕಾಲು ತುಸು ಬಗ್ಗಿಸಬೇಕು. ಹಾಗೆ ಬಗ್ಗಿ ನಿಂತು ನಾನು ಒಂದು ಮಾತಿಗಾಗಿ ಕಾಯುತ್ತಿದ್ದೆ.

ಹಾನಗಲ್ಲಿನ ಶಾಲೆಯೊಂದರ ಮೈದಾನದಲ್ಲಿ ನಾಲ್ಕು ತಾಲೂಕುಗಳ ಗೈಡ್ಸ್ ಹುಡುಗಿಯರ ಶಿಬಿರ ನಡೆದಿತ್ತು. ಸವಣೂರು ತಂಡಕ್ಕೆ ನಾನು ಕ್ಯಾಪ್ಟನ್, ಎಂದರೆ ಹುಡುಗಿಯರನ್ನು ಕರೆತಂದ ಶಿಕ್ಷಕಿ. ಕೊನೆಯ ಸಂಜೆ ಶಿಬಿರಾಗ್ನಿಯ ಮುಂದೆ ಪ್ರತಿ ತಂಡವೂ ಏಳು ನಿಮಿಷದ ಕಿರುನಾಟಕ ಆಡಬೇಕು. ಗೆದ್ದವರಿಗೆ ಮರುದಿನ ಬೆಳಿಗ್ಗೆ ಧ್ವಜ ಏರಿಸುವ ಅವಕಾಶ. ನಮ್ಮ ತಂಡದ ಯಲವಿಗಿಯ ಹುಡುಗಿಗೆ ಆ ಧ್ವಜದ ಮೇಲೆಯೇ ಕಣ್ಣು. ನಾಲ್ಕು ದಿನದಿಂದ ಕೈಯಲ್ಲೊಂದು ಹಗ್ಗದ ತುಂಡು ಹಿಡಿದು ಕಿಟಕಿ, ಕಂಬ, ಒಮ್ಮೆ ನನ್ನ ಬ್ಯಾಗಿನ ಹಿಡಿಕೆ, ಎಲ್ಲಕ್ಕೂ ಧ್ವಜದ ಗಂಟು ಹಾಕಿ ಬಿಚ್ಚುತ್ತಿದ್ದಳು.

ನಾಟಕ ಬರೆದವಳು ನಾನೇ. ಮನೆಯೊಡತಿಯ ಕೈ ಸುಡುತ್ತದೆ. ಯಲವಿಗಿಯ ಹುಡುಗಿ ಬಂದು ಪ್ರಥಮ ಚಿಕಿತ್ಸೆ ಮಾಡಿ, “ನಾನಿನ್ನು ಹೋಗುತ್ತೇನೆ” ಎಂದು ಹೊರಡುತ್ತಾಳೆ. ಆ ಮಾತು ಕಿವಿಗೆ ಬಿದ್ದೊಡನೆ ಆರೋಗ್ಯ ಇಲಾಖೆಯವಳಾಗಿ ನಾನು ಒಳಬಂದು ಒಂದು ವಾಕ್ಯ ಹೇಳಿ ಮುಗಿಸಬೇಕು. ನಾನು ಜನರೆದುರು ನಿಲ್ಲುವವಳಲ್ಲ. “ಅಕ್ಕೋರ, ನೀವೂ ಸೋಗು ಹಾಕ್ರಿ, ಇಲ್ಲಾಂದ್ರ ನಾವೂ ಹಾಕಂಗಿಲ್ಲ” ಎಂದು ಹುಡುಗಿಯರು ಹಟ ಹಿಡಿದಿದ್ದರಿಂದ, ಇದ್ದುದರಲ್ಲೇ ಚಿಕ್ಕ ಪಾತ್ರವನ್ನು ನನಗೆಂದು ಬರೆದುಕೊಂಡಿದ್ದೆ. ತಾಲೀಮಿನಲ್ಲಿ ಎಲ್ಲವೂ ಆರೂವರೆ ನಿಮಿಷಕ್ಕೆ ಮುಗಿದಿತ್ತು.

ಆದರೆ ಆ ಸಂಜೆ ಎರಡನೇ ಸಾಲಿನಲ್ಲಿ ಯಲವಿಗಿಯ ಹುಡುಗಿಯ ಅವ್ವ ಬಂದು ಕುಳಿತಿದ್ದರು. ಮನೆಯೊಡತಿಯ ಕೈಗೆ ಬಟ್ಟೆ ಸುತ್ತಿದ ಹುಡುಗಿ ಎದ್ದು ಅವ್ವನ ಮುಖ ನೋಡಿದಳು.

“ಬರ್ತೇನ್ರಿ.”

ಅದು ನಾನು ಬರೆದ ಮಾತಲ್ಲ. ಹಾಗಾಗಿ ನಾನು ಕದಲಲಿಲ್ಲ. ಮನೆಯೊಡತಿಯಾಗಿದ್ದವಳು ಮಾತ್ರ ಸುಮ್ಮನೆ ಕಳಿಸಲಿಲ್ಲ.

“ಚಾ ಕುಡೀಲಾರ್ದ ಹೊಂಟ್ರ ಹ್ಯಾಂಗ್ರಿ? ಕುಂಡ್ರಿ.”

“ಬ್ಯಾಡ್ರಿ, ಈಗರ ಆಗೇತಿ. ಬರ್ತೇನಿ.”

“ಯಾಕ, ನಮ್ಮನಿ ಚಾ ಸೇರೂದಿಲ್ಲೇನು?”

“ಹೋಗ್ತೇನಿ ಅನ್ನು” ಎಂದು ನಾನು ತೂತಿನಿಂದ ಪಿಸುಗುಟ್ಟಿದೆ. ಹುಡುಗಿ ಚಾದರದ ಹತ್ತಿರ ಬಂದು, ಮೂರನೇ ಸಾಲಿಗೂ ಕೇಳುವಂತೆ ಪಿಸುಗುಟ್ಟಿದಳು. “ಮಂದಿ ಮನಿಯಿಂದ ಏಳೂವಾಗ ಹೋಗ್ತೇನಿ ಅಂತಾರೇನ್ರಿ ಅಕ್ಕೋರ? ನಮ್ಮವ್ವ ಕುಂತಾಳ್ರಿ.”

ಅಷ್ಟರಲ್ಲಿ ಮನೆಯೊಡತಿ ನಿಜವಾಗಿಯೂ ಶಿಬಿರದ ಅಡುಗೆಮನೆಗೆ ಓಡಿ ಚಹಾದ ಕಿಟ್ಲಿ ತಂದಳು. ತಂದ ಮೇಲೆ ಹಿರಿಯರನ್ನು ಬಿಟ್ಟು ಒಬ್ಬಳಿಗೇ ಕೊಡುವುದು ಹೇಗೆ? ಮುಂದಿನ ಸಾಲಿಗೆಲ್ಲ ಕೊಡುತ್ತ ಹೋದಳು. ತೀರ್ಪು ಕೊಡಬೇಕಾಗಿದ್ದ ಶಿಬಿರದ ಮುಖ್ಯಸ್ಥೆ ಏಳನೇ ನಿಮಿಷಕ್ಕೆ ಊದಲೆಂದು ಬಾಯಲ್ಲಿಟ್ಟುಕೊಂಡಿದ್ದ ಸೀಟಿ ತೆಗೆದು ಕಪ್ಪು ಹಿಡಿದರು. ಹನ್ನೆರಡನೇ ನಿಮಿಷಕ್ಕೆ, ಬಗ್ಗಿ ನಿಂತೇ ಇದ್ದ ನನ್ನ ಮೊಣಕಾಲು ಹಿಡಿದುಕೊಂಡಿತು. ಕರೆಯದಿದ್ದರೂ ಚಾದರ ಸರಿಸಿ ಹೊರಗೆ ಬಂದೆ.

“ಇಲಾಖೆಯವ್ರೂ ಬಂದ್ರು ನೋಡ್ರಿ. ಬರ್ರಿ, ಚಾ ತಗೋರಿ” ಎಂದಳು ಮನೆಯೊಡತಿ.

ಮೈದಾನದ ಅಷ್ಟೂ ಮುಖಗಳು ಬೆಂಕಿಯ ಬೆಳಕಿನಲ್ಲಿ ನನ್ನ ಕಡೆ ತಿರುಗಿದ್ದವು. ನನ್ನ ವಾಕ್ಯ, “ಪ್ರತಿ ಮನೆಯಲ್ಲೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕು” ಎಂದಿತ್ತು. ನನ್ನ ಬಾಯಿಂದ ಬಂದದ್ದು, “ಸಕ್ಕರಿ ಕಮ್ಮಿ ಇರ್ಲಿ.”

ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮುಖ್ಯಸ್ಥೆ ಕಣ್ಣೊರೆಸಿಕೊಂಡು ಎದ್ದರು. “ಚಾ ಭಾಳ ಛಲೋ ಇತ್ತವಾ. ಆದ್ರ ಏಳು ನಿಮಿಷ ಅಂದ್ರ ಏಳು ನಿಮಿಷ.”

ಧ್ವಜ ಹಿರೇಕೆರೂರು ತಂಡಕ್ಕೆ ಹೋಯಿತು. ಯಲವಿಗಿಯ ಹುಡುಗಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಆಮೇಲೆ ಹಗ್ಗದ ತುಂಡನ್ನು ಅಚ್ಚುಕಟ್ಟಾಗಿ ಸುತ್ತಿ ನನ್ನ ಬ್ಯಾಗಿನಲ್ಲಿಟ್ಟು, “ಇನ್ನ ಇದರ ಕೆಲಸ ಇಲ್ರಿ” ಎಂದಳು.

ಮರುದಿನ ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಆ ಹಗ್ಗ ಹಿಡಿದು ಮುಖ್ಯಸ್ಥೆಯ ಕೋಣೆಗೆ ಹೋದೆ. ಯಾರನ್ನೂ ಏನೂ ಕೇಳಿ ಅಭ್ಯಾಸವಿಲ್ಲದ್ದರಿಂದ, ಹೇಳಬೇಕಾದದ್ದನ್ನು ದಾರಿಯಲ್ಲಿ ಎರಡು ಸಲ ನನಗೆ ನಾನೇ ಹೇಳಿಕೊಂಡಿದ್ದೆ. ತಪ್ಪು ಹುಡುಗಿಯದಲ್ಲ, ನಮ್ಮ ಕಡೆ ಯಾರೂ ಆಡದ ಮಾತನ್ನು ಬರೆದ ನನ್ನದು. ಧ್ವಜವನ್ನು ಹಿರೇಕೆರೂರಿನವರೇ ಏರಿಸಲಿ, ಗಂಟು ಮಾತ್ರ ಅವಳು ಕಟ್ಟಲಿ.

“ಕುಂಡ್ರಿ, ಚಾ ಬರ್ತೈತಿ” ಎಂದರು ಅವರು.

ನಿಂತೇ ಹೇಳಿದೆ. “ಆತು, ಕಟ್ಲಿ” ಎಂದರು. ಆಮೇಲೆ ಕುಳಿತು ಚಹಾ ಕುಡಿದೆ. “ಬರ್ತೇನ್ರಿ” ಎಂದು ಎದ್ದು, ಅವಳನ್ನು ಎಬ್ಬಿಸಲು ಹೋದೆ.