ಹಿಂಜಗಲಿಯ ಎಮಿಲ್ ಹ್ರುಷ್ಕಾ

ಹಾರ್ಗ್ರೇವ್ ನಗರದ ಬೇಸ್‌ಬಾಲ್ ತಂಡವಾದ ರಿವರ್‌ಮೆನ್ ಏಳು ವರ್ಷಗಳಲ್ಲಿ ಐದು ಬಾರಿ ದೇಶದ ಚಾಂಪಿಯನ್ ಆಯಿತು. ಈ ಗೆಲುವುಗಳಿಗೆ ಕಾರಣರಾರು ಎಂಬ ಪ್ರಶ್ನೆ ಬಂದಾಗ ಪತ್ರಿಕೆಗಳು ತರಬೇತುದಾರನ ಹೆಸರನ್ನು ಹೇಳುತ್ತಿದ್ದವು; ಮಾಲೀಕ ತನ್ನ ಹೆಸರನ್ನೇ ಹೇಳಿಕೊಳ್ಳುತ್ತಿದ್ದ; ಸೇತುವೆಯನ್ನು ರಿಪೇರಿ ಮಾಡಿಸಲಾರದ ಮೇಯರ್, ತನ್ನ ಆಡಳಿತದ ಸಾಧನೆಗಳ ಪೈಕಿ ಇದೂ ಒಂದು ಎನ್ನುತ್ತಿದ್ದ. ವಾರ್ಡ್ ಬೀದಿಯವರಿಗೆ ಮಾತ್ರ ನಿಜ ಗೊತ್ತಿತ್ತು. ಕಾರಣ ಎಮಿಲ್ ಹ್ರುಷ್ಕಾ. ಇನ್ನೂ ಖಚಿತವಾಗಿ ಹೇಳುವುದಾದರೆ, ಎಮಿಲ್ ಹ್ರುಷ್ಕಾ ಮನೆಯೊಳಗೆ ಇಲ್ಲದಿರುವುದು.

ಎಮಿಲ್ ನಗರದ ನೀರು ಸರಬರಾಜು ಇಲಾಖೆಯಲ್ಲಿ ಕೊಳವೆಗಳ ಕವಾಟ ತಿರುಗಿಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ತಂಗಿ ಲೊರೇನ್ ತನ್ನ ಮನೆಯ ಕಾರ್‌ಶೆಡ್ಡಿನ ಮೇಲಿನ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟಿದ್ದಳು. ಲೊರೇನಳ ಗಂಡ ಚೆಸ್ಟರ್ ನೊವೊಟ್ನಿ ಬಾಯ್ಲರ್ ಕಾರ್ಖಾನೆಯ ಫೋರ್‌ಮನ್. ಶಾಲೆ ಬಿಟ್ಟ ಮೇಲೆ ಅವನು ಒಂದು ಚೆಂಡನ್ನೂ ಹೊಡೆದವನಲ್ಲ. ಆದರೂ ರಿವರ್‌ಮೆನ್ ಗೆದ್ದ ಮರುದಿನ ಕ್ಷೌರದಂಗಡಿಯಲ್ಲಿ ಕುಳಿತು, "ನಿನ್ನೆ ನಾವು ಹೆಂಗೆ ಹೊಡೆದ್ವಿ ನೋಡಿದ್ರಾ?" ಎಂದು ಭುಜ ತಿರುಗಿಸಿಕೊಳ್ಳುತ್ತಿದ್ದ, ಭುಜ ನಿಜಕ್ಕೂ ನೋಯುತ್ತಿದೆಯೇನೋ ಎಂಬಂತೆ. ಬೀದಿಗೆಲ್ಲ ದೊಡ್ಡದಾದ ಟಿವಿ ಅವನ ಮನೆಯಲ್ಲಿತ್ತು. ಕಪ್ಪು–ಬಿಳುಪಿನ ಟಿವಿಯ, ಹಗಲಿನಲ್ಲೇ ಅಂತಿಮ ಪಂದ್ಯಗಳು ನಡೆಯುತ್ತಿದ್ದ ಕಾಲ ಅದು.

ಮೊದಲ ಗೆಲುವಿನ ಅಕ್ಟೋಬರಿನಲ್ಲಿ, ಕೊನೆಯ ಪಂದ್ಯದ ಒಂಬತ್ತು ಸರದಿಗಳಲ್ಲಿ ಎಂಟನೆಯದು ನಡೆಯುತ್ತಿದ್ದಾಗ ತಂಡ ನಾಲ್ಕು ರನ್ ಹಿಂದಿತ್ತು. ಹಿಂಜಗಲಿಯ ಕೆಂಡದ ಮೇಲೆ ಸಾಸೇಜುಗಳು ಕರಕಲಾಗುತ್ತಿದ್ದ ವಾಸನೆ ಬಂತು. ತಿರುವಿಹಾಕಿ ಬಾ ಎಂದು ಚೆಸ್ಟರ್ ಎಮಿಲ್‌ನನ್ನು ಕಳುಹಿಸಿದ. ಎಮಿಲ್ ಸಾಸೇಜುಗಳನ್ನು ತಿರುವಿ ತಟ್ಟೆಗೆ ಹಾಕಿಕೊಳ್ಳುವಷ್ಟರಲ್ಲಿ ರಿವರ್‌ಮೆನ್ ಐದು ರನ್ ಗಳಿಸಿದ್ದರು. ಅವನು ಭುಜದಿಂದ ಬಾಗಿಲು ನೂಕಿದ.

"ಒಳಗೆ ಬರ್ಬೇಡ!" ಚೆಸ್ಟರ್ ಕಿರುಚಿದ. "ಅಲ್ಲೇ ನಿಂತ್ಕೋ ಮಾರಾಯ! ನೀನು ಆಚೆ ಹೋದ್ಮೇಲೇ ಎಲ್ಲಾ ಬಂದಿದ್ದು!"

"ಭಾವ, ತಟ್ಟೆ ಕೈ ಸುಡ್ತಿದೆ."

"ಸುಡ್ಲಿ! ಕದಲಿದ್ರೆ ನೋಡು!"

ಆಟ ತಿರುಗಿದ ಗಳಿಗೆಯಲ್ಲಿ ಯಾರು ಎಲ್ಲಿದ್ದರೋ ಅಲ್ಲೇ ಇರಬೇಕು ಎಂಬುದು ಹಾರ್ಗ್ರೇವಿನ ಅಲಿಖಿತ ಕಾನೂನು. ಕಾಲು ಮಡಚಿದ್ದವನು ಮಡಚಿಕೊಂಡೇ ಇರಬೇಕು, ಕುರ್ಚಿಯಲ್ಲಿದ್ದವನು ಏಳಬಾರದು, ಗೆದ್ದ ದಿನದ ಟೋಪಿಯನ್ನು ಒಗೆಯಬಾರದು. ಭಾನುವಾರದ ಪ್ರಾರ್ಥನೆಗೆ ಹೋಗದವರೂ ಇದನ್ನು ಮುರಿಯುತ್ತಿರಲಿಲ್ಲ. ಇದಕ್ಕೆ ಮೂಢನಂಬಿಕೆ ಎಂಬ ಹೆಸರಿಡುವುದು ಮೂಢರಿಗೆ ಮಾಡುವ ಅವಮಾನ. ಉಳಿದವರಿಗೆ ಈ ಕಾನೂನು ಒಂದು ಮಧ್ಯಾಹ್ನದ ಶಿಕ್ಷೆಯಾಗಿತ್ತು. ಎಮಿಲ್‌ಗೆ ಅದು ಕಾಯಂ ಹುದ್ದೆಯಾಯಿತು. ಆ ಪಂದ್ಯ ಗೆದ್ದದ್ದರಿಂದ ಮುಂದಿನ ಅಕ್ಟೋಬರಿನಲ್ಲಿ ಮೊದಲ ಪಂದ್ಯದಿಂದಲೇ ಅವನನ್ನು ಜಗಲಿಯಲ್ಲಿ ನಿಲ್ಲಿಸಲಾಯಿತು. ಮತ್ತೆ ಗೆದ್ದರು.

ಸೋತ ಎರಡು ವರ್ಷಗಳೂ ಚೆಸ್ಟರನ ಸಿದ್ಧಾಂತವನ್ನು ಇನ್ನಷ್ಟು ಬಲಪಡಿಸಿದವು. ಒಂದು ವರ್ಷ ಎಮಿಲ್ ಏಳನೆಯ ಸರದಿಯಲ್ಲಿ ತಡೆಯಲಾರದೆ ಶೌಚಕ್ಕೆಂದು ಒಳಗೆ ಬಂದಿದ್ದ. ಇನ್ನೊಂದು ವರ್ಷ ಪಿತ್ತಕೋಶದ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿದ್ದ. ಅವನಿಗೆ ಮಂಪರು ಇದ್ದರೂ ವಾರ್ಡಿನಲ್ಲಿ ಒಂದು ರೇಡಿಯೊ ಪಂದ್ಯವನ್ನು ಬಿತ್ತರಿಸುತ್ತಿತ್ತು ಎಂಬುದನ್ನು ಚೆಸ್ಟರ್ ದಾದಿಯನ್ನು ಕೇಳಿ ಖಚಿತಪಡಿಸಿಕೊಂಡ. ಅಂದಿನಿಂದ ರೇಡಿಯೊ ಕೂಡ ನಿಷಿದ್ಧ. ಪಬ್ಬಿನ ಯಜಮಾನ ವರ್ಷವಿಡೀ ಎಮಿಲ್‌ಗೆ ಮೊದಲ ಲೋಟ ಬಿಯರ್ ಪುಕ್ಕಟೆ ಕೊಡುತ್ತಿದ್ದ. ಅಕ್ಟೋಬರಿನಲ್ಲಿ ಅದೇ ಲೋಟವನ್ನು ಕಿಟಕಿಯಿಂದ ಹೊರಗೆ ಕೊಟ್ಟು ಪರದೆ ಎಳೆದುಕೊಳ್ಳುತ್ತಿದ್ದ. ಒಮ್ಮೆ ಎಮಿಲ್ ಟಿವಿ ಅಂಗಡಿಯ ಗಾಜಿನ ಮುಂದೆ ಹೋಗಿ ನಿಂತ. ಅವನ ಗುರುತು ಹಿಡಿದ ಅಂಗಡಿಯವನು ಪ್ರದರ್ಶನದ ಟಿವಿಗಳನ್ನೆಲ್ಲ ಆರಿಸಿ, ಒಳಗಿನಿಂದಲೇ ಕೈ ಮುಗಿದು ಬೇಡಿಕೊಂಡ.

ಹೀಗೆ, ಊರಿಗೆ ಐದು ಪಟ್ಟ ತಂದುಕೊಟ್ಟವನೆಂದು ಹೆಸರಾದ ಮನುಷ್ಯ ಆ ಐದರಲ್ಲಿ ಒಂದರ ಕೊನೆಯ ಚೆಂಡನ್ನೂ ನೋಡಿರಲಿಲ್ಲ. ಗೋಡೆಯಾಚೆಯ ಕೂಗಿನಿಂದಲೇ ಅವನು ಎಲ್ಲವನ್ನೂ ಊಹಿಸಿಕೊಳ್ಳಬೇಕಿತ್ತು. ನಿಜ ಹೇಳಬೇಕೆಂದರೆ ಅವನಿಗೂ ಅದು ಸಂಪೂರ್ಣ ಬೇಡವಾಗಿರಲಿಲ್ಲ. ಜೀವಮಾನವಿಡೀ ಬೀದಿಯ ಕೆಳಗಿನ ಕತ್ತಲಲ್ಲಿ ದುಡಿದವನ ಬೆನ್ನನ್ನು ಯಾರೂ ತಟ್ಟಿರಲಿಲ್ಲ. ಈಗ ಗೆದ್ದ ಸಂಜೆ ಬೀದಿಯವರೆಲ್ಲ ಜಗಲಿಗೆ ಬಂದು, "ಶಾಬಾಷ್ ಎಮಿಲ್, ಚೆನ್ನಾಗಿ ನಿಂತೆ!" ಎನ್ನುತ್ತಿದ್ದರು. ನಿಲ್ಲುವುದರಲ್ಲಿ ಚೆನ್ನಾಗಿರುವುದೇನು ಎಂದು ಅವನು ಕೇಳುತ್ತಿರಲಿಲ್ಲ.

ಎಂಟನೆಯ ಅಕ್ಟೋಬರಿನಲ್ಲಿ ತಂಡ ಮತ್ತೆ ಅಂತಿಮ ಸರಣಿಗೆ ಬಂತು, ಆದರೆ ಏದುಸಿರು ಬಿಡುತ್ತ ಬಂತು. ಮುಖ್ಯ ಎಸೆಗಾರನ ತೋಳಿನ ಕಸುವು ಸತ್ತಿತ್ತು. ಮಾಲೀಕ ತಂಡವನ್ನು ಮಾರಲಿದ್ದಾನೆಂಬ ಸುದ್ದಿಯನ್ನು ಅವನೇ ಮೂರು ಸಲ ನಿರಾಕರಿಸಿದ್ದರಿಂದ ಅದು ನಿಜವೆಂದು ಎಲ್ಲರೂ ತಿಳಿದಿದ್ದರು. ಊರಿನ ಆರಾಧ್ಯ ದಾಂಡಿಗ ರಾಲ್ಫ್ ಟಿಂಡಾಲ್, ಎರಡೂ ಮಂಡಿಗಳಿಗೆ ಪಟ್ಟಿ ಸುತ್ತಿಕೊಂಡು, ಇದೇ ತನ್ನ ಕಡೆಯ ಸರಣಿ ಎಂದು ಸಾರಿದ್ದ. ಒಂದು ಯುಗ ಮುಗಿಯಿತೇ ಎಂದು ಪತ್ರಿಕೆಗಳು ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಅಡಗಿಕೊಂಡು ಕೇಳಿದವು.

"ಮುಗಿಯೋದಾ? ಎಮಿಲ್ ಆಚೆ ಇರೋವರ್ಗೂ ಯಾವ ಯುಗವೂ ಮುಗಿಯಲ್ಲ," ಎಂದ ಚೆಸ್ಟರ್.

ಸರಣಿ ಮೂರು–ಮೂರು ಸಮವಾಯಿತು. ಏಳನೆಯ ಪಂದ್ಯದ ಬೆಳಗ್ಗೆ ಎಮಿಲ್ ಅಡುಗೆಮನೆಗೆ ಬಂದ. ಲೊರೇನ್ ಆಲೂಗಡ್ಡೆಯ ಹೂರಣವನ್ನು ಕಣಕದೊಳಗಿಟ್ಟು ಅಂಚು ಒತ್ತುತ್ತಿದ್ದಳು. ಚೆಸ್ಟರ್ ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ.

"ಇವತ್ತು ಕೊನೇ ಸರದಿ ಒಂದನ್ನ ಒಳಗೆ ನೋಡ್ತೀನಿ," ಎಂದ ಎಮಿಲ್. "ಟಿಂಡಾಲ್ ಆಡೋದು ಇನ್ನು ನೋಡೋಕೆ ಸಿಗಲ್ಲ."

ಚೆಸ್ಟರ್ ಲೋಟ ಕೆಳಗಿಟ್ಟ. "ನಿನಗೆ ಹುಚ್ಚಾ? ಇಡೀ ಊರಿನ ಬಾಯಿಗೆ ಮಣ್ಣು ಹಾಕ್ತೀಯಾ?"

"ಬೇಸಿಗೇಲಿ ಟಿಂಡಾಲ್‌ನ ನೋಡಿದ್ಯಲ್ಲ ಅಣ್ಣ," ಎಂದಳು ಲೊರೇನ್ ಮೆಲ್ಲಗೆ.

"ಬೇಸಿಗೇಲಿ ಎಲ್ರೂ ನೋಡ್ತಾರೆ ಕಣೇ. ಮದುವೆ ಮನೇಲಿ ಚಪ್ಪಲಿ ಕಾಯೋನಿಗೂ ಹಿಂದಿನ ದಿನ ಚಪ್ಪರ ಕಾಣುತ್ತೆ."

"ಅವನು ಒಂದ್ಸಲ ನೋಡ್ಲಿ ಬಿಡ್ರೀ," ಎಂದಳು ಗಂಡನಿಗೆ.

"ನೋಡ್ಲಿ. ಆಮೇಲೆ ಸೋತ್ರೆ ಈ ಬೀದೀಲಿ ಯಾರೂ ಇವನ ಮುಖ ನೋಡಲ್ಲ. ಆ ಪುಕ್ಕಟೆ ಬಿಯರ್ರೂ ಇಲ್ಲ, ಶಾಬಾಷೂ ಇಲ್ಲ. ಯೋಚನೆ ಮಾಡ್ಕೊಳ್ಳಪ್ಪ."

ಎಮಿಲ್ ಯೋಚಿಸಿದ. ಚೆಸ್ಟರ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ; ಆ ಊರಿನಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಜಗಲಿಯಷ್ಟೇ ಉದ್ದಗಲದ್ದು. ಮಧ್ಯಾಹ್ನ ಕೋಟು ತೊಟ್ಟು ಅವನು ತನ್ನ ಜಾಗಕ್ಕೇ ಹೋಗಿ ನಿಂತ.

ಒಳಗೆ ಚೆಸ್ಟರ್ ತನ್ನ ತೋಳುಕುರ್ಚಿಯಲ್ಲಿ ಕುಳಿತ. ಪಕ್ಕದ ಮನೆಯ ಡೇಲ್ ಪ್ರಿಚೆಟ್ ಸೋಫಾದ ಎಡತುದಿಯಲ್ಲಿ ಎಡಗಾಲಿನ ಮೇಲೆ ಬಲಗಾಲು ಹಾಕಿ ಕುಳಿತ. ಡೇಲ್ ಮೂರನೆಯ ಪಟ್ಟದ ನಂತರ ಹುಟ್ಟಿದ ಅಭಿಮಾನಿ. ಅದಕ್ಕೂ ಮುಂಚೆ ಅವನು ಬೇಸ್‌ಬಾಲನ್ನು ಬೇಸರದ ಆಟವೆಂದೂ, ನೋಡುವವರನ್ನು ಸೋಮಾರಿಗಳೆಂದೂ ಬಹಿರಂಗವಾಗಿ ಕರೆಯುತ್ತಿದ್ದುದನ್ನು ಆ ಬೀದಿಯ ಅನೇಕರು ಬಲ್ಲರು. ಈಗ ಅವನಷ್ಟು ಜೋರಾಗಿ ಅಳುವವರೂ ಬೈಯುವವರೂ ಬೇರೆ ಯಾರೂ ಇರಲಿಲ್ಲ.

ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಒಳಗಿನ ಕೂಗು ಏರಿತು, ಇಳಿಯಿತು, ಆಮೇಲೆ ಬಹಳ ಹೊತ್ತು ಏರಲೇ ಇಲ್ಲ. ಲೊರೇನ್ ಬಾಗಿಲ ಸಂದಿಯಿಂದ ಒಂದು ತಟ್ಟೆ ಕೊಟ್ಟಳು.

"ಒಂಬತ್ತನೇ ಸರದಿ ಅಣ್ಣ. ಒಂದು ರನ್ ಹಿಂದಿದ್ದಾರೆ. ಇಬ್ರು ಔಟ್, ಇನ್ನೊಬ್ಬ ಹೋದ್ರೆ ಮುಗೀತು."

"ಈಗ ಯಾರು?"

ಅವಳು ಉತ್ತರಿಸುವ ಮುನ್ನ ಡೇಲ್ ಒಳಗಿನಿಂದ ಚೀರಿದ: "ಟಿಂಡಾಲ್! ಟಿಂಡಾಲ್ ಬಂದ!"

ಎಮಿಲ್ ತಟ್ಟೆಯನ್ನು ತಂಗಿಯ ಕೈಗೆ ಹಿಂತಿರುಗಿಸಿದ. ಬಾಗಿಲನ್ನು ಪೂರ್ತಿ ತೆರೆದ. ಅಡುಗೆಮನೆ ದಾಟಿ ಹಜಾರಕ್ಕೆ ಬಂದು, ಸೋಫಾದ ಹಿಂದೆ, ಟಿವಿಗೆ ನೇರವಾಗಿ ನಿಂತ.

"ಆಚೆಗೆ!" ಚೆಸ್ಟರನ ಕುತ್ತಿಗೆಯ ನರಗಳು ಉಬ್ಬಿದವು. "ಆಚೆಗೆ ಹೋಗೋ!"

"ನೀನೇ ಬಂದು ಕಳ್ಸು ಭಾವ."

ಚೆಸ್ಟರ್ ಕುರ್ಚಿಯ ಎರಡೂ ಕೈಗಳನ್ನು ಹಿಡಿದು ಅರ್ಧ ಎದ್ದವನು ಅಲ್ಲೇ ನಿಂತುಬಿಟ್ಟ. ಅವನು ಎದ್ದರೆ ಕಾನೂನು ಮುರಿಯುತ್ತದೆ. "ಡೇಲ್, ಅವನ್ನ ಹಿಡಿ!"

"ನಾನು ಕಾಲು ತೆಗೆಯೋ ಹಾಗಿಲ್ಲ!" ಡೇಲ್ ಗೋಳಾಡಿದ. "ನೀನೇ ತೆಗೀಬೇಡ ಅಂದಿದ್ದು!"

"ಲೊರೇನ್!"

"ನಾನು ಬಾಗಿಲ ಹತ್ರ ಇದ್ದೆ," ಎಂದಳು ಲೊರೇನ್ ತಟ್ಟೆ ಹಿಡಿದು. "ಇಲ್ಲೇ ಇರ್ತೀನಿ."

ಎಮಿಲ್ ನೋಡಿದ. ಟಿಂಡಾಲ್ ಅವನೆಣಿಸಿದ್ದಕ್ಕಿಂತ ಮುದುಕನಾಗಿದ್ದ. ಮಂಡಿ ಬಾಗಿಸುವಾಗ ತುಟಿ ಕಚ್ಚುತ್ತಿದ್ದ. ಮೊದಲ ಚೆಂಡು ಅವನನ್ನು ದಾಟಿಹೋಯಿತು. ಎರಡನೆಯದನ್ನು ಹೊಡೆದ; ಅದು ಗೆರೆಯ ಹೊರಗೆ, ಜನರ ನಡುವೆ ಬಿತ್ತು; ಲೆಕ್ಕಕ್ಕೆ ಅದೂ ತಪ್ಪೇ. ಕ್ರೀಡಾಂಗಣವೇ ಎದ್ದು ನಿಂತಿತು. ಮೂರನೆಯದಕ್ಕೆ ಟಿಂಡಾಲ್ ದೇಹವನ್ನೆಲ್ಲ ತಿರುಗಿಸಿ ಬೀಸಿದ. ಆ ಬೀಸಿಗೆ ಎದುರಾದದ್ದು ಗಾಳಿ ಮಾತ್ರ. ಮೂರನೆಯ ತಪ್ಪು, ಮೂರನೆಯ ಔಟ್.

ಕುರ್ಚಿ ಬಿಡಬಾರದೆಂಬ ಕಾನೂನು ಈಗ ರದ್ದಾಗಿದ್ದರಿಂದ ಚೆಸ್ಟರ್ ಎದ್ದ.

"ಮುಗೀತು," ಎಂದ. "ಒಂದು ಸಾಮ್ರಾಜ್ಯನೇ ಮುಗಿಸ್ದೆ. ಎರಡು ಕಾಲಿಂದ ನಡ್ಕೊಂಡು ಬಂದು ಮುಗಿಸ್ದೆ."

"ಮಕ್ಕಳಿಗೆ ಏನಂತ ಹೇಳ್ಲಿ ನಾನು?" ಡೇಲ್ ಅಳುತ್ತಿದ್ದ.

"ನಾನು ಬಂದಿದ್ದಕ್ಕೇ ಸೋತ್ರು ಅಂತೀಯಾ ಭಾವ?"

"ಇನ್ನೇನು? ಅನುಮಾನ ಬೇರೆಯಾ?"

"ಹಾಗಾದ್ರೆ ಆಚೆ ನಿಂತಿದ್ದಕ್ಕೇ ಐದು ಸಲ ಗೆದ್ರು. ನೀವು ಗೆದ್ವಿ ಗೆದ್ವಿ ಅಂತೀರಲ್ಲ, ನೀವಿಲ್ಲಿ ಕೂತು ಏನ್ಮಾಡ್ತಿದ್ರಿ?"

ಚೆಸ್ಟರನ ಬಾಯಿ ತೆರೆಯಿತು. ಆದರೆ ಭುಜ ತಿರುಗಲಿಲ್ಲ. ಸೋಲಿನಲ್ಲಿ 'ನಾವು' ಎಂಬ ಪದವನ್ನು ಬಳಸಿ ಅವನಿಗೆ ಅಭ್ಯಾಸವಿರಲಿಲ್ಲ. ಅವನು ಟಿವಿಯ ಗುಂಡಿಗೆ ಕೈ ಚಾಚಿದ.

"ಆರಿಸ್ಬೇಡ!" ಎಮಿಲ್‌ನ ದನಿ ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಹಿಂದೆಂದೂ ಕೇಳಿರಲಿಲ್ಲ. "ಪಕ್ಕಕ್ಕೆ ಸರಿ. ನನಗೆ ಕಾಣ್ತಿಲ್ಲ."

"ಅವ್ರು ಕುಣೀತಿದ್ದಾರೆ ಕಣೋ! ಆ ಪರದೇಶಿಗಳು ನಮ್ಮ ಮೈದಾನದಲ್ಲಿ ಕುಣೀತಿದ್ದಾರೆ! ಅದನ್ನ ನೋಡ್ತೀಯಾ?"

"ಹೂಂ. ಅದನ್ನೇ."

ಡೇಲ್ ಬಾಗಿಲು ದಡಾರನೆ ಹಾಕಿಕೊಂಡು ಹೋದ. ಎಮಿಲ್ ಮಾಡಿದ್ದನ್ನು ಊರಿಗೆ ಮೊದಲು ಸಾರುವವನು ತಾನಾಗಬೇಕೆಂಬ ಆತುರ ಅವನ ನಡಿಗೆಯಲ್ಲಿತ್ತು. ಚೆಸ್ಟರ್ ಪಕ್ಕಕ್ಕೆ ಸರಿದ. ಎಮಿಲ್ ಸೋಫಾದ ಖಾಲಿಯಾದ ಎಡತುದಿಗೆ ಬಂದು, ಕೋಟು ಬಿಚ್ಚದೆ, ಮುಂದಕ್ಕೆ ಬಾಗಿ ಕುಳಿತ. ತೆರೆಯ ಮೇಲೆ ಎದುರು ತಂಡದ ಎಸೆಗಾರ ಟೋಪಿಯನ್ನು ಮೇಲಕ್ಕೆಸೆದ. ಅವನ ಜೊತೆಗಾರರು ಒಬ್ಬರ ಮೇಲೊಬ್ಬರು ಬಿದ್ದರು. ಅವರ ತರಬೇತುದಾರ, ದಪ್ಪ ಹೊಟ್ಟೆಯ ಮುದುಕ, ಯಾರನ್ನು ತಬ್ಬಿಕೊಳ್ಳುವುದೆಂದು ತಿಳಿಯದೆ ಅಂಪೈರನ್ನೇ ತಬ್ಬಿಕೊಂಡ.

ಎಮಿಲ್ ನಕ್ಕುಬಿಟ್ಟ.

"ನಮ್ಮೋರೂ ಹೀಗೇ ಮಾಡ್ತಿದ್ರೇನೇ?" ಎಂದು ಕೇಳಿದ, ತೆರೆಯಿಂದ ಕಣ್ಣು ತೆಗೆಯದೆ.

ಲೊರೇನ್ ತಟ್ಟೆಯನ್ನು ಅವನ ಮಡಿಲಲ್ಲಿಟ್ಟು ಪಕ್ಕದಲ್ಲಿ ಕುಳಿತಳು.

"ಹೀಗೇ ಅಣ್ಣ," ಎಂದಳು. "ಇದಕ್ಕಿಂತ ಜಾಸ್ತೀನೇ."